ವಾಪಸ್ ಕೊಡುವ ಬರಹದ ಜೊತೆ ಒಂದು ಚೀಟಿ

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಶಿವಮೊಗ್ಗದಲ್ಲಿ ನಿಮ್ಮ ಕಾಲೇಜಿನ ಸಾಹಿತ್ಯ ಸಂಘದ ಕೈಬರಹದ ಪತ್ರಿಕೆಗೆ ನೀನೇ ಸಂಪಾದಕಿ ಅಂತ ನಿನ್ನಪ್ಪ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷವಾಯಿತು. ಹೆಸರೇನಿಡುವುದು, ಮುಖಪುಟಕ್ಕೆ ಯಾವ ಚಿತ್ರ ಎಂದು ನನ್ನನ್ನು ಕೇಳಿದ್ದೀಯಂತೆ. ಅದನ್ನು ನೀವು ನೀವೇ ಕೂತು ತೀರ್ಮಾನ ಮಾಡಿಕೊಳ್ಳಿ. ನನಗೆ ಹೇಳಬೇಕೆನಿಸಿರುವುದು ನೀವು ಹಾಕದೆ ಬಿಡುವ ಬರಹಗಳ ವಿಷಯ.

ಬಂದದ್ದಕ್ಕೆಲ್ಲ ಪತ್ರಿಕೆಯಲ್ಲಿ ಜಾಗ ಇರುವುದಿಲ್ಲ. ಹಾಗಂತ "ಈ ಸಲ ಜಾಗ ಸಾಲಲಿಲ್ಲ" ಎಂದು ಕೈತೊಳೆದುಕೊಳ್ಳಬೇಡ. ನಿಮ್ಮ ವಯಸ್ಸಿನಲ್ಲಿ ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಡಲು ಎಷ್ಟು ಧೈರ್ಯ ಬೇಕೆಂದು ನಿನಗೇ ಗೊತ್ತಲ್ಲ. ಪ್ರತಿಯೊಂದನ್ನೂ ಎರಡು ಸಲ ಓದು. ವಾಪಸ್ ಕೊಡುವಾಗ ಒಂದು ಚೀಟಿ ಇಟ್ಟು ಕೊಡು. ನಿನಗೆ ನಿಜವಾಗಿ ಹಿಡಿಸಿದ ಒಂದು ಸಾಲು, ಓದಿದ ಮೇಲೆ ಎದ್ದ ಒಂದು ಪ್ರಶ್ನೆ, ಅಷ್ಟಿದ್ದರೆ ಸಾಕು. "ಚೆನ್ನಾಗಿದೆ, ಮುಂದುವರಿಸು" ಅಂತ ಬರೆದರೆ ನೀನು ಓದೇ ಇಲ್ಲ ಅಂತ ಅವರಿಗೆ ತಿಳಿದುಹೋಗುತ್ತದೆ.

ಹೊಸನಗರದ ಕಡೆಯ ಹುಡುಗಿಯೊಬ್ಬಳು ಮಳೆಯ ಮೇಲೆ ಪದ್ಯ ಕೊಟ್ಟಳು ಅಂತಿಟ್ಟುಕೋ. ಮುತ್ತಿನ ಹನಿ, ನವಿಲಿನ ಕುಣಿತ, ನಗುವ ಇಳೆ, ಎಲ್ಲ ಇದೆ. ಮನೆಯಲ್ಲಿ ಅಡಿಕೆ ತೋಟ ಇದೆಯೋ ಕೇಳು. ಇದ್ದರೆ, ಜೋರು ಮಳೆ ಅಂದರೆ ಆ ಮನೆಗೆ ಕೊಳೆರೋಗದ ಭಯ, ಎಳೆ ಅಡಿಕೆ ಕೊಳೆತು ಉದುರುತ್ತದೆ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ ಔಷಧಿ ಹೊಡೆಯಬೇಕು. ನಲವತ್ತು ನಲವತ್ತೈದು ದಿನ ಬಿಟ್ಟು, ಮಳೆ ಹೊಳವಾದಾಗ ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ನೀಲಿ ಉಪ್ಪು), 1 ಕೆ.ಜಿ. ಸುಣ್ಣ. ಡ್ರಮ್ಮಿನ ಪಕ್ಕ ನಿಂತು ಕಲಕಿದವರ ಅಂಗಿಯ ಮೇಲೆ ನೀಲಿ ಕಲೆ. ಮರ ಹತ್ತುವವರು ಸಿಕ್ಕ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವರು ಸಿಗುವುದಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಯಾರ ಜೊತೆಯೂ ಮಾತಾಡದೆ ಇರುವ ಆ ದಿನಗಳನ್ನು ಅವಳು ಚಿಕ್ಕಂದಿನಿಂದ ಕಂಡಿರುತ್ತಾಳೆ. ಅದು ಪದ್ಯಕ್ಕೆ ಆಗುವ ಸಂಗತಿ ಅಂತ ಅವಳಿಗೆ ಯಾರೂ ಹೇಳಿರುವುದಿಲ್ಲ. "ಔಷಧಿ ಹೊಡೆಯೋ ದಿನ ನೀನೇನು ಮಾಡ್ತಿದ್ದೆ?" ಅಂತ ಚೀಟಿಯಲ್ಲಿ ಬರೆದು ಕೊಡು. ಮುಂದಿನ ಸಲ ಅವಳು ತರುವುದು ಬೇರೆಯದೇ ಆಗಿರುತ್ತದೆ.

ಬೇಜಾರು ಮಾಡಿಕೊಂಡಾರು ಎಂದು ಹಿಂಜರಿಯಬೇಡ. ನಮ್ಮ ಕುಪ್ಪಳಿಯ ಕುವೆಂಪು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದರೆ, ಅವರು ಹೊಗಳಿ ಕಳಿಸಲಿಲ್ಲ. ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದರು. ತರುಣ ಕವಿಗೆ ಆ ಮಾತು ಮೊದಲು ರುಚಿಸಲಿಲ್ಲ. ಆಮೇಲೆ ಕನ್ನಡದಲ್ಲೇ ಬರೆದು ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಅವರೇ. ಕಸಿನ್ಸ್ ಅಂದು ಬರೀ ಒಳ್ಳೆಯ ಮಾತಾಡಿ ಕಳಿಸಿದ್ದರೆ ಏನಾಗುತ್ತಿತ್ತೋ!

ಇನ್ನೊಂದು. ಯಾರದೇ ಬರಹದಲ್ಲಿ ಒಂದು ಸಾಲು ತಿದ್ದಿದರೂ ಅವರಿಗೆ ತೋರಿಸಿ, ಒಪ್ಪಿದ ಮೇಲೇ ಹಾಕು. ಕಾಗುಣಿತದ ತಪ್ಪಾದರೆ ಸರಿ, ನೀನೇ ಸರಿಮಾಡು. ಫೋನಿನಲ್ಲಿ ಬಂದ ಪದ್ಯವನ್ನು ಯಾರಾದರೂ ತಮ್ಮದೆಂದು ಕೊಟ್ಟರೆ ಒಬ್ಬರೇ ಇದ್ದಾಗ ಕರೆದು ಹೇಳು, ಸಂಘದ ಎದುರಿಗೆ ಬೇಡ. ನಿನ್ನ ಪದ್ಯ ಒಂದು ಸಂಚಿಕೆಗೆ ಒಂದಕ್ಕಿಂತ ಹೆಚ್ಚು ಹಾಕಬೇಡ, ಪುಟ ಖಾಲಿ ಉಳಿದರೂ ಸರಿ. ಪರೀಕ್ಷೆ ತಿಂಗಳಲ್ಲಿ ಪತ್ರಿಕೆ ನಿಲ್ಲಿಸು; ಅದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ಬರೆಯುವವರನ್ನೆಲ್ಲ ಒಂದು ಸಲ ಹೆಗ್ಗೋಡಿಗೆ ಕರೆದುಕೊಂಡು ಹೋಗು. ಸಾಗರದಿಂದ ಹೆಚ್ಚು ದೂರವೇನಿಲ್ಲ. 1949ರಲ್ಲಿ ಶುರುವಾದ ನಾಟಕದ ಸಂಸ್ಥೆ ನೀನಾಸಂ ಇರುವುದು ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲೇ. ನಾಟಕ ಇರುವ ದಿನ ನೋಡಿಕೊಂಡು ಹೋಗಿ, ಮುಗಿದ ಮೇಲೆ ಜನ ನಿಂತು ಚರ್ಚೆ ಮಾಡುವುದನ್ನೂ ಕೇಳಿಸಿಕೊಂಡು ಬನ್ನಿ.

ದಸರಾ ರಜೆಗೆ ಬರುವಾಗ, ಬರೆದವರು ಒಪ್ಪಿದರೆ, ವಾಪಸ್ ಕೊಡಬೇಕೆಂದಿರುವ ಬರಹಗಳನ್ನೂ ತಗೊಂಡು ಬಾ. ಚೀಟಿಯಲ್ಲಿ ಏನು ಕೇಳಬಹುದು ಅಂತ ಇಬ್ಬರೂ ಕೂತು ನೋಡೋಣ. ದೊಡ್ಡಮ್ಮ ನಿನ್ನನ್ನು ಕೇಳಿದೆ ಅಂತ ತಿಳಿಸಲು ಹೇಳಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ