ಥರ್ಮೋಸ್ಟಾಟ್ ರಿಪೇರಿಯಲ್ಲಿ ವೈರಿಂಗ್ ತಪಾಸಣೆಗೆ ಪ್ರತ್ಯೇಕ ಶುಲ್ಕ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಕೆಲಸದ ಕ್ರಮ ಬದಲಾಗುತ್ತಿದೆ. ಮನೆಯ ಏರ್ ಕಂಡೀಷನರನ್ನು ನಿಯಂತ್ರಿಸುವ, ಗೋಡೆಯ ಮೇಲಿನ ಸ್ಮಾರ್ಟ್ ಥರ್ಮೋಸ್ಟಾಟ್ ಆರಿಹೋಗಿದೆ ಎಂದೋ, ಪರದೆಯ ಮೇಲೆ ‘ಕೂಲಿಂಗ್’ ಎಂದು ಕಾಣುತ್ತಿದ್ದರೂ ತಂಪು ಗಾಳಿ ಬರುತ್ತಿಲ್ಲ ಎಂದೋ ತಾವು ಕರೆದಾಗ, ನಾವು ಬಂದ ಕೂಡಲೇ ಹೊಸ ಥರ್ಮೋಸ್ಟಾಟ್ ಕೂರಿಸುವುದಿಲ್ಲ. ಗೋಡೆಯ ಟರ್ಮಿನಲ್‌ಗಳಿಂದ ಹಿಡಿದು ಇಂಡೋರ್ ಯೂನಿಟ್ಟಿನ ಕಂಟ್ರೋಲ್ ಬೋರ್ಡ್, ಅಲ್ಲಿಂದ ಔಟ್‌ಡೋರ್ ಯೂನಿಟ್ಟಿನಲ್ಲಿ ಕಂಪ್ರೆಸರಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ವರೆಗೆ ವೈರಿಂಗನ್ನು ಪರೀಕ್ಷಿಸಿದ ನಂತರವೇ ಯಾವುದೇ ಭಾಗವನ್ನು ಬದಲಿಸುತ್ತೇವೆ. ಆ ಪರೀಕ್ಷೆಗೆ ಹಿಡಿದ ಸಮಯದ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯುತ್ತೇವೆ. ಕೊನೆಗೆ ಸಿಕ್ಕ ದೋಷ ಒಂದು ಸಡಿಲ ಸ್ಕ್ರೂ ಆಗಿದ್ದರೂ ಈ ಶುಲ್ಕ ಇರುತ್ತದೆ.

ಇದನ್ನು ನಾವು ಮೊದಲೇ ಮಾಡಬೇಕಿತ್ತು. ಕಳೆದ ಬೇಸಿಗೆಯಲ್ಲಿ ಕೆಲವು ಮನೆಗಳಲ್ಲಿ ಆರಿದ್ದ ಥರ್ಮೋಸ್ಟಾಟನ್ನು ತೆಗೆದು ಹೊಸದನ್ನು ಹಾಕಿ, ಅದು ಬೆಳಗಿದ್ದನ್ನು ನೋಡಿ ಕೆಲಸ ಮುಗಿಯಿತೆಂದು ಹಿಂತಿರುಗಿದೆವು. ಕೆಲವೇ ದಿನಗಳಲ್ಲಿ ಅದೂ ಆರಿತು. ದೋಷ ಉಪಕರಣದಲ್ಲಿ ಇರಲೇ ಇಲ್ಲ. ಆ ಮನೆಯವರು ಸೆಕೆಯಲ್ಲಿ ಕಳೆದ ರಾತ್ರಿಗಳಿಗಾಗಿ ನಾವು ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇವೆ. ಆದರೆ ಉಪಕರಣ ಮಾರುವ ಆಸೆಗೆ ನಾವು ಹಾಗೆ ಮಾಡಿದೆವು ಎಂಬ ಮಾತನ್ನು ಮಾತ್ರ ಒಪ್ಪಲಾರೆವು. ಎರಡನೆಯ ಉಪಕರಣದ ಬೆಲೆಯನ್ನೂ ಎರಡನೆಯ ಭೇಟಿಯ ಖರ್ಚನ್ನೂ ನಾವೇ ಹೊತ್ತಿದ್ದೇವೆ. ಪೆಟ್ಟಿಗೆ ತೆರೆದ ಉಪಕರಣಗಳನ್ನು ಸರಬರಾಜುದಾರರು ಹಿಂದಕ್ಕೆ ಪಡೆಯದ ಕಾರಣ, ಯಾವ ದೋಷವೂ ಇಲ್ಲದ ಥರ್ಮೋಸ್ಟಾಟುಗಳು ಇಂದಿಗೂ ನಮ್ಮ ಕಪಾಟಿನಲ್ಲಿಯೇ ಕುಳಿತಿವೆ.

ನಾವು ಅತಿ ಹೆಚ್ಚು ಬಾರಿ ಕೇಳಿರುವ ದೂರು ಒಂದೇ: “ಒಂದು ತುಂಡು ವೈರಿಗೆ ಇಷ್ಟೊಂದು ಬಿಲ್ಲೇ?” ಇದಕ್ಕೆ ವಿವರವಾಗಿ ಉತ್ತರಿಸುವುದು ನಮ್ಮ ಕರ್ತವ್ಯ ಎಂದು ಭಾವಿಸಿದ್ದೇವೆ.

ಹಳೆಯ ಕಾಲದ ಥರ್ಮೋಸ್ಟಾಟ್ ಒಂದು ಸ್ವಿಚ್ ಮಾತ್ರವಾಗಿತ್ತು. ಅದಕ್ಕೆಂದೇ ಬೇರೆ ವಿದ್ಯುತ್ ಬೇಕಿರಲಿಲ್ಲ. ಸ್ಮಾರ್ಟ್ ಥರ್ಮೋಸ್ಟಾಟಿಗೆ ಪರದೆ ಇದೆ, ವೈ-ಫೈ ಇದೆ, ಹಗಲಿರುಳೂ ಅದಕ್ಕೆ 24 ವೋಲ್ಟಿನ ಪರ್ಯಾಯ ವಿದ್ಯುತ್ತು ಬೇಕು. ಆ ವಿದ್ಯುತ್ತು, ಮನೆಯ ವಿದ್ಯುತ್ತನ್ನು 24 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರಿನಿಂದ ‘ಆರ್’ ತಂತಿಯಲ್ಲಿ ಬಂದು, ‘ಸಿ’ ತಂತಿಯಲ್ಲಿ ಹಿಂತಿರುಗಬೇಕು. ಹಳೆಯ ಮನೆಗಳಲ್ಲಿ ಅಗತ್ಯವಿಲ್ಲವೆಂದು ಅನೇಕ ಕಡೆ ‘ಸಿ’ ತಂತಿಯನ್ನು ಜೋಡಿಸಿಯೇ ಇರುವುದಿಲ್ಲ. ಆಗ ಕೆಲವು ಥರ್ಮೋಸ್ಟಾಟುಗಳು ಕಂಪ್ರೆಸರನ್ನು ನಡೆಸುವ ‘ವೈ’ ತಂತಿಯ ಮೂಲಕ ಅಲ್ಪ ವಿದ್ಯುತ್ತನ್ನು ಎಳೆದುಕೊಂಡು ತಮ್ಮ ಬ್ಯಾಟರಿಯನ್ನು ತುಂಬಿಕೊಳ್ಳುತ್ತವೆ. ಆದರೆ ಕಂಪ್ರೆಸರ್ ನಡೆಯುತ್ತಿರುವಾಗ ‘ಆರ್’ ಮತ್ತು ‘ವೈ’ ಒಂದಕ್ಕೊಂದು ಸೇರಿರುವುದರಿಂದ ಎಳೆದುಕೊಳ್ಳಲು ವೋಲ್ಟೇಜ್ ವ್ಯತ್ಯಾಸ ಉಳಿಯುವುದು ಅತ್ಯಲ್ಪ. ಹಾಗಾಗಿಯೇ ಯಂತ್ರ ಗಂಟೆಗಟ್ಟಲೆ ಓಡುವ, ಅತಿ ಸೆಕೆಯ ದಿನದಂದೇ ಬ್ಯಾಟರಿ ಬರಿದಾಗಿ ಥರ್ಮೋಸ್ಟಾಟ್ ಆರಿಹೋಗುತ್ತದೆ. ಕೆಲವು ಮನೆಗಳಲ್ಲಿ ಹೀಗೆ ಹರಿಯುವ ಅಲ್ಪ ವಿದ್ಯುತ್ತಿಗೇ ಕಾಂಟ್ಯಾಕ್ಟರ್ ಕಟಕಟ ಎನ್ನತೊಡಗುತ್ತದೆ. ಹೊಸ ಥರ್ಮೋಸ್ಟಾಟಿನ ಬ್ಯಾಟರಿ ತುಂಬಿರುವುದರಿಂದ ಮೊದಲ ಕೆಲವು ದಿನ ಎಲ್ಲವೂ ಸರಿಯಾದಂತೆ ಕಾಣುತ್ತದೆ. ನಾವು ಮೋಸಹೋದದ್ದು ಇಲ್ಲಿಯೇ.

ಇನ್ನೊಂದು ಬಗೆಯ ದೋಷ ಫ್ಯೂಸಿನದು. ಬಹುತೇಕ ಕಂಟ್ರೋಲ್ ಬೋರ್ಡುಗಳಲ್ಲಿ 3 ಅಥವಾ 5 ಆಂಪಿಯರಿನ ಸಣ್ಣ ಫ್ಯೂಸ್ ಇರುತ್ತದೆ. ಮೇನ್ ಆಫ್ ಮಾಡದೆ ಥರ್ಮೋಸ್ಟಾಟ್ ಬಿಚ್ಚುವಾಗ ‘ಆರ್’ ತಂತಿ ಒಂದು ಕ್ಷಣ ‘ಸಿ’ ತಂತಿಗೆ ತಗುಲಿದರೂ ಆ ಫ್ಯೂಸ್ ಸುಟ್ಟುಹೋಗುತ್ತದೆ. ಫ್ಯೂಸಿನ ಬೆಲೆ ಅತ್ಯಲ್ಪ ಎಂಬುದು ನಿಜ. ಆದರೆ ಬಿಸಿಲಿಗೆ ಒಡೆದ ಹೊರಗಿನ ಕೇಬಲ್, ಇಲಿ ಕಡಿದ ತಂತಿ, ಕ್ಲಿಪ್ಪಿನ ಮೊಳೆ ಚುಚ್ಚಿದ ಜಾಗ, ಒಳಗೇ ಶಾರ್ಟ್ ಆದ ಕಾಂಟ್ಯಾಕ್ಟರ್ ಕಾಯಿಲ್, ಇವುಗಳಲ್ಲಿ ಯಾವುದರಿಂದಲೂ ಅದೇ ಫ್ಯೂಸ್ ಅದೇ ರೀತಿ ಸುಡುತ್ತದೆ. ಯಾವುದೆಂದು ತಿಳಿಯಲು ಔಟ್‌ಡೋರ್ ಯೂನಿಟ್ಟಿಗೆ ಹೋಗುವ ಜೋಡಿ ತಂತಿಯನ್ನು ಬೋರ್ಡಿನಿಂದ ಬಿಡಿಸಿ, ಹೊಸ ಫ್ಯೂಸ್ ಹಾಕಿ ನೋಡಬೇಕು. ಫ್ಯೂಸ್ ಸುಡದೆ ಉಳಿದರೆ ದೋಷ ಆ ಜೋಡಿಯಲ್ಲಿ ಅಥವಾ ಅದರ ತುದಿಯ ಕಾಂಟ್ಯಾಕ್ಟರಿನಲ್ಲಿದೆ, ಮತ್ತೆ ಸುಟ್ಟರೆ ಒಳಗಿನ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು. ಆಮೇಲೆ ಗೋಡೆಯೊಳಗೂ ಛಾವಣಿಯ ಕೆಳಗೂ ಹಾದುಹೋಗುವ ಕೇಬಲ್ಲಿನ ಎಳೆಗಳನ್ನು ಮಲ್ಟಿಮೀಟರಿನಿಂದ ಒಂದಕ್ಕೊಂದು ಎದುರಿಟ್ಟು ಅಳೆಯಬೇಕು. ಬರೀ ಫ್ಯೂಸ್ ಬದಲಿಸಿ ಐದು ನಿಮಿಷದಲ್ಲಿ ಹೊರಡುವುದು ಕಷ್ಟವೇನಲ್ಲ. ಆದರೆ ಅದು ಮತ್ತೆ ಸುಟ್ಟಾಗ ತಾವು ಮತ್ತೊಮ್ಮೆ ಕರೆಯಬೇಕಾಗುತ್ತದೆ, ಮತ್ತೊಂದು ಭೇಟಿಗೆ ಹಣ ಕೊಡಬೇಕಾಗುತ್ತದೆ. ಫ್ಯೂಸೇ ಇಲ್ಲದ ಹಳೆಯ ಬೋರ್ಡುಗಳಲ್ಲಿ ಸುಡುವುದು ಟ್ರಾನ್ಸ್‌ಫಾರ್ಮರ್.

ತಂತಿಯ ಬಣ್ಣ ನೋಡಿ ಜೋಡಿಸಿದರೆ ಸಾಕಲ್ಲವೇ ಎಂದು ಹಲವರು ಕೇಳಿದ್ದಾರೆ. ಬಣ್ಣ ರೂಢಿಯೇ ಹೊರತು ಖಾತರಿಯಲ್ಲ. ಒಂದು ಮನೆಯಲ್ಲಿ ‘ಸಿ’ ಆಗಿರುವ ನೀಲಿ ತಂತಿ ಇನ್ನೊಂದು ಮನೆಯಲ್ಲಿ ‘ವೈ’ ಆಗಿರಬಹುದು. ಆದ್ದರಿಂದ ನಮ್ಮ ತಂತ್ರಜ್ಞರು ಬೋರ್ಡನ್ನು ತೆರೆದು, ಯಾವ ಎಳೆ ಯಾವ ಟರ್ಮಿನಲ್ಲಿಗೆ ಸೇರಿದೆ ಎಂದು ಕಣ್ಣಾರೆ ನೋಡದೆ ಮುಂದುವರಿಯುವುದಿಲ್ಲ.

ಇನ್ನು, ಡ್ರೈನ್ ಪೈಪ್ ಕಟ್ಟಿಕೊಂಡು ಟ್ರೇಯಲ್ಲಿ ನೀರು ನಿಂತಾಗ, ನೀರಿನ ಮಟ್ಟ ಏರಿದರೆ ಯಂತ್ರವನ್ನು ನಿಲ್ಲಿಸುವ ಫ್ಲೋಟ್ ಸ್ವಿಚ್ ಹಲವು ಮನೆಗಳಲ್ಲಿ ‘ಆರ್’ ತಂತಿಯನ್ನೇ ಕಡಿತಗೊಳಿಸುತ್ತದೆ. ಥರ್ಮೋಸ್ಟಾಟ್ ಸತ್ತಂತೆಯೇ ಕಾಣುತ್ತದೆ. ಆ ಸ್ವಿಚ್ಚನ್ನು ಬೈಪಾಸ್ ಮಾಡಿ ಯಂತ್ರ ನಡೆಸಿಕೊಡಿ ಎಂಬ ಕೋರಿಕೆಯನ್ನು, ಎಷ್ಟೇ ಆತ್ಮೀಯರು ಕೇಳಿದರೂ, ನಾವು ನಡೆಸಿಕೊಡುವುದಿಲ್ಲ. ನೀರು ಛಾವಣಿಗೆ ಇಳಿಯದಂತೆ ಕಾಯುತ್ತಿರುವುದು ಅದೊಂದೇ.

ಶುಲ್ಕದ ವಿಷಯದಲ್ಲಿ ತಮಗೆ ಆತಂಕ ಬೇಡ. ತಪಾಸಣೆ ಆರಂಭಿಸುವ ಮೊದಲೇ ಗಂಟೆಯ ದರವನ್ನು ತಿಳಿಸುತ್ತೇವೆ. 2 ಗಂಟೆ ಮೀರುವಂತಿದ್ದರೆ ಕೆಲಸ ನಿಲ್ಲಿಸಿ ತಮ್ಮ ಒಪ್ಪಿಗೆ ಕೇಳುತ್ತೇವೆ. ಎಲ್ಲೆಲ್ಲಿ ಎಷ್ಟು ವೋಲ್ಟ್ ಸಿಕ್ಕಿತು, ಯಾವ ಎಳೆ ತುಂಡಾಗಿತ್ತು ಎಂಬುದನ್ನು ಬಿಲ್ಲಿನ ಜೊತೆಗೆ ಬರೆದುಕೊಡುತ್ತೇವೆ. ದೋಷ ನಮ್ಮವರೇ ಹಿಂದೆ ಮಾಡಿದ ಜೋಡಣೆಯಲ್ಲಿ ಕಂಡುಬಂದರೆ, ಅದನ್ನು ನಾವೇ ಮೊದಲು ಹೇಳುತ್ತೇವೆ ಮತ್ತು ತಪಾಸಣೆಗಾಗಲಿ ರಿಪೇರಿಗಾಗಲಿ ಏನನ್ನೂ ಪಡೆಯುವುದಿಲ್ಲ. ‘ಸಿ’ ತಂತಿ ಇಲ್ಲದ ಮನೆಗಳಲ್ಲಿ ಮೊದಲು ಕೇಬಲ್ಲಿನೊಳಗೆ ಬಳಸದೆ ಮಡಿಸಿಟ್ಟ ಎಳೆ ಇದೆಯೇ ಎಂದು ಹುಡುಕುತ್ತೇವೆ. ಇಲ್ಲದಿದ್ದರೆ ತಯಾರಕರ ಅಡಾಪ್ಟರ್, ಅದೂ ಹೊಂದದಿದ್ದರೆ ಪ್ರತ್ಯೇಕ 24 ವೋಲ್ಟ್ ಟ್ರಾನ್ಸ್‌ಫಾರ್ಮರ್. ಹೊಸ ಕೇಬಲ್ ಎಳೆಯುವ ದುಬಾರಿ ಕೆಲಸವನ್ನು ಕೊನೆಯ ದಾರಿಯಾಗಿ ಮಾತ್ರ ಸೂಚಿಸುತ್ತೇವೆ.

ಥರ್ಮೋಸ್ಟಾಟನ್ನು ತಾವೇ ಬದಲಿಸುವುದಾದರೆ ಮೇನ್ ಆಫ್ ಮಾಡಿ, ತಂತಿಗಳನ್ನು ಬಿಚ್ಚುವ ಮೊದಲು ಅವುಗಳ ಒಂದು ಫೋಟೋ ತೆಗೆದಿಡಿ. ಗೋಡೆಯಲ್ಲಿ ತೆಳುವಾದ ತಂತಿಗಳ ಬದಲು ಎರಡು ಅಥವಾ ನಾಲ್ಕು ದಪ್ಪ ತಂತಿಗಳು ಕಂಡರೆ ಅಲ್ಲಿರುವುದು ಮನೆಯ ಮುಖ್ಯ ವಿದ್ಯುತ್ತೇ ಆಗಿರಬಹುದು. ದಯವಿಟ್ಟು ಮುಟ್ಟದೆ ನಮಗೆ ಕರೆ ಮಾಡಿ.

ಈ ಪತ್ರ ತಲುಪುವ ಮೊದಲೇ ಭೇಟಿಯ ದಿನ ಗೊತ್ತುಮಾಡಿಕೊಂಡಿರುವವರಿಗೆ ಹಳೆಯ ದರವೇ ಅನ್ವಯಿಸುತ್ತದೆ. ಕಳೆದ ಬೇಸಿಗೆಯಲ್ಲಿ ನಾವು ಎರಡು ಬಾರಿ ಥರ್ಮೋಸ್ಟಾಟ್ ಬದಲಿಸಿದ ಮನೆಗಳಿಗೆ ಈ ತಿಂಗಳೊಳಗೆ ನಾವಾಗಿಯೇ ಕರೆ ಮಾಡಿ ಬಂದು, ಪೂರ್ತಿ ವೈರಿಂಗನ್ನು ಶುಲ್ಕವಿಲ್ಲದೆ ಪರೀಕ್ಷಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು ಮತ್ತು ತಂತ್ರಜ್ಞರು