ಗೆಳೆಯನಿಗೊಂದು ಪತ್ರ: ಪಾಂಪೆಗೆ ಹದಿನೆಂಟು ಗಂಟೆ ಸಮಯವಿತ್ತು

ಪ್ರೀತಿಯ ಶ್ರೀಧರ,

ಕಾಲದಲ್ಲಿ ಹಿಂದೆ ಮುಂದೆ ಪಯಣಿಸುವ ಡಾಕ್ಟರನ ಕಥೆ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ, ವೆಸುವಿಯಸ್ ಜ್ವಾಲಾಮುಖಿ ಸಿಡಿದು ಹೂತುಹೋದ ರೋಮನ್ ಊರು ಪಾಂಪೆಯ ಕಂತು ನೋಡಿ, ಇದರಲ್ಲಿ ಎಷ್ಟು ನಿಜ ಎಷ್ಟು ಕಟ್ಟುಕಥೆ ಅಂತ ಕೇಳಿದ್ದೀಯ. ಬೆಂಕಿಯುಗುಳುವ ಕಲ್ಲಿನ ರಾಕ್ಷಸರನ್ನು ಬಿಟ್ಟರೆ ಉಳಿದದ್ದೆಲ್ಲ ಚರಿತ್ರೆಯೇ ಇರಬೇಕು ಅನ್ನುವುದು ನಿನ್ನ ಲೆಕ್ಕ. ಹಾಗಿಲ್ಲ ಮಾರಾಯ. ಆ ರಾಕ್ಷಸರಿಗಿಂತ ದೊಡ್ಡ ಸುಳ್ಳೊಂದು ಅದರಲ್ಲಿದೆ. ಅದು ಗಡಿಯಾರದ ಸುಳ್ಳು.

ಮೊದಲು ಕಂತಿನ ವಿಷಯ ಚುಟುಕಾಗಿ. ‘ದಿ ಫೈರ್ಸ್ ಆಫ್ ಪಾಂಪೆ’ ಬಿಬಿಸಿ ಒನ್‌ನಲ್ಲಿ ಪ್ರಸಾರವಾದದ್ದು 2008ರ ಏಪ್ರಿಲ್ 12ರಂದು. ಬರೆದವನು ಜೇಮ್ಸ್ ಮೊರಾನ್, ನಿರ್ದೇಶನ ಕಾಲಿನ್ ಟೀಗ್. ಬೀದಿಗಳು ಅಷ್ಟು ಸಾಚಾ ಕಾಣುವುದಕ್ಕೆ ಕಾರಣ ಇದೆ. ಅವನ್ನು ಚಿತ್ರೀಕರಿಸಿದ್ದು ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ, ಬೇರೊಂದು ದೊಡ್ಡ ಧಾರಾವಾಹಿಗೆಂದು ಕಟ್ಟಿದ್ದ ಸೆಟ್‌ನಲ್ಲಿ. 2007ರ ಆಗಸ್ಟ್‌ನಲ್ಲಿ ಆ ಸ್ಟುಡಿಯೋಗೇ ಬೆಂಕಿ ಬಿತ್ತು. ಚಿತ್ರೀಕರಣ ಮರುತಿಂಗಳಿಗಿತ್ತು, ಕೂದಲೆಳೆಯಲ್ಲಿ ಉಳಿಯಿತು.

ಈಗ ಗಡಿಯಾರ. ಕಂತಿನಲ್ಲಿ ಡಾಕ್ಟರ್ ಮತ್ತು ಅವನ ಜೊತೆಗಾತಿ ಡೊನ್ನಾ ಇಬ್ಬರೂ ಸೇರಿ ಸನ್ನೆಕೋಲು ಒತ್ತುತ್ತಾರೆ, ಬೆಟ್ಟ ಸಿಡಿಯುತ್ತದೆ, ಕೆಲವೇ ನಿಮಿಷದಲ್ಲಿ ಊರು ಮುಗಿಯುತ್ತದೆ. ನಿಜವಾದ ವೆಸುವಿಯಸ್ ಹೆಚ್ಚುಕಮ್ಮಿ ಹದಿನೆಂಟು ಗಂಟೆ ತೆಗೆದುಕೊಂಡಿತು.

ಕ್ರಿ.ಶ. 79. ಮಧ್ಯಾಹ್ನ ಸುಮಾರು ಒಂದು ಗಂಟೆ. ಕೊಲ್ಲಿಯ ಇನ್ನೊಂದು ತುದಿಯ ಮಿಸೆನಮ್‌ನಲ್ಲಿ ಹದಿನೇಳರ ಹರೆಯದ ಪ್ಲಿನಿಯ ತಾಯಿ ಆಕಾಶದಲ್ಲಿ ವಿಚಿತ್ರ ಮೋಡವೊಂದನ್ನು ಕಂಡು, ಅಲ್ಲಿ ನೌಕಾಪಡೆಯ ಮುಖ್ಯಸ್ಥನಾಗಿದ್ದ ಅವನ ಸೋದರಮಾವನಿಗೆ ತೋರಿಸುತ್ತಾಳೆ. ಕಾಂಡ ನೇರ ಮೇಲೆದ್ದು ತುದಿಯಲ್ಲಿ ಕೊಡೆ ಬಿಚ್ಚಿಕೊಂಡ ಪೈನ್ ಮರದ ಹಾಗಿತ್ತು ಅಂತ ಹುಡುಗ ಮುಂದೆ ದೊಡ್ಡವನಾದ ಮೇಲೆ ಇತಿಹಾಸಕಾರ ಟಾಸಿಟಸ್‌ಗೆ ಬರೆದ. ಆ ಕಾಂಡ ಮೂವತ್ತು ಕಿಲೋಮೀಟರಿನಷ್ಟು ಎತ್ತರ ಏರಿತ್ತು. ಗಾಳಿ ಬೀಸುತ್ತಿದ್ದುದು ಆಗ್ನೇಯಕ್ಕೆ, ಪಾಂಪೆ ಇದ್ದ ಕಡೆಗೆ. ಹಾಗಾಗಿ ಕಲ್ಲಿನ ಮಳೆ ಪಾಂಪೆಯ ಮೇಲೆ ಸುರಿಯಿತು. ಬೆಟ್ಟದ ಪಶ್ಚಿಮಕ್ಕಿದ್ದ ಹರ್ಕ್ಯುಲೇನಿಯಮ್‌ಗೆ ಅದು ಅಷ್ಟಾಗಿ ತಾಗಲೇ ಇಲ್ಲ.

ಸುರಿದದ್ದು ಪ್ಯೂಮಿಸ್. ಬಚ್ಚಲಲ್ಲಿ ಹಿಮ್ಮಡಿ ಉಜ್ಜಲು ಇಟ್ಟುಕೊಳ್ಳುತ್ತಾರಲ್ಲ, ತೂತುತೂತಾದ ಹಗುರ ಕಲ್ಲು, ಅದೇ. ಒಂದೊಂದಾಗಿ ಬಿದ್ದರೆ ಅದು ಜೀವ ತೆಗೆಯುವುದು ಕಡಿಮೆ. ನಡುನಡುವೆ ಬೀಳುವ ಗಟ್ಟಿ ಬಂಡೆಚೂರುಗಳು ಅಪಾಯ. ಅದಕ್ಕೇ ಪಾಂಪೆಯ ದಕ್ಷಿಣಕ್ಕಿದ್ದ ಕಡಲತಡಿಯ ಊರು ಸ್ಟೇಬಿಯೆಯಲ್ಲಿ ಜನ ತಲೆಯ ಮೇಲೆ ದಿಂಬಿಟ್ಟು ಬಟ್ಟೆಯಿಂದ ಬಿಗಿದುಕೊಂಡು ಹೊರಬಿದ್ದರು. ನಿಜವಾದ ಕಂಟಕ ತೂಕದ್ದು. ಗಂಟೆಗೆ ಸುಮಾರು 12ರಿಂದ 15 ಸೆಂಟಿಮೀಟರ್ ಲೆಕ್ಕದಲ್ಲಿ ಅದು ಪೇರಿಸಿಕೊಳ್ಳುತ್ತ ಹೋಯಿತು. ಮರದ ತೊಲೆಯ ಮೇಲೆ ಹೆಂಚು ಹೊದಿಸಿದ ಮಾಡು ಎಷ್ಟು ತಡೆದೀತು? 40 ಸೆಂಟಿಮೀಟರ್ ಆಗುವ ಹೊತ್ತಿಗೆ, ಅಂದರೆ ಮೂರು ಗಂಟೆ ಕಳೆಯುವಷ್ಟರಲ್ಲಿ, ಕುಸಿತ ಶುರು. ಇಳಿಜಾರು ಮಾಡು ಸ್ವಲ್ಪ ತಾಳಿಕೊಂಡೀತು, ಸಪಾಟಾದದ್ದು ಮೊದಲು ಹೋಗುತ್ತದೆ. ಒಳಗೇ ಇದ್ದು ಕಾಯೋಣ ಅಂದವರಿಗೆ ಇನ್ನೊಂದು ಕಷ್ಟವೂ ಇತ್ತು. ಜನರನ್ನು ಉಳಿಸಲು ಹಡಗಿನಲ್ಲಿ ಹೊರಟ ಪ್ಲಿನಿಯ ಮಾವ ಸ್ಟೇಬಿಯೆಯ ಮನೆಯೊಂದರಲ್ಲಿ ಮಲಗಿದ್ದಾಗ ಅಂಗಳದಲ್ಲಿ ಕಲ್ಲು ಬೂದಿ ಎಷ್ಟು ಏರಿತ್ತೆಂದರೆ, ಇನ್ನಷ್ಟು ಹೊತ್ತು ನಿದ್ದೆ ಮಾಡಿದ್ದರೆ ಕೋಣೆಯಿಂದ ಹೊರಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಎರಡನೆಯ ಹಂತ ನಡುರಾತ್ರಿಯ ನಂತರದ್ದು. ಒಳಗಿನ ಅನಿಲದ ಒತ್ತಡ ಇಳಿದು, ಬಾಯಿ ಅಗಲವಾದಂತೆ ಆ ಮೂವತ್ತು ಕಿಲೋಮೀಟರಿನ ಕಂಬಕ್ಕೆ ತನ್ನ ಭಾರ ತಾನೇ ಹೊರಲಾಗುವುದಿಲ್ಲ. ಅದು ಕುಸಿದು, ಕಾದ ಅನಿಲ ಮತ್ತು ಬೂದಿಯ ಪ್ರವಾಹವಾಗಿ ಇಳಿಜಾರಿನಲ್ಲಿ ನುಗ್ಗುತ್ತದೆ. ಮೊದಲು ಸಿಕ್ಕಿದ್ದು ಹರ್ಕ್ಯುಲೇನಿಯಮ್. ಪಾಂಪೆಗೆ ಅದು ಮುಟ್ಟಿದ್ದು ಮರುದಿನ ಬೆಳಗಿನ ಹೊತ್ತು. ಆ ಪ್ರವಾಹದ ಮುಂದೆ ಓಡಿ ಉಳಿಯುವ ಮಾತೇ ಇಲ್ಲ. ಕಂತು ತೋರಿಸುವುದು ಈ ಕೊನೆಯ ಹಂತವನ್ನು ಮಾತ್ರ, ಹಿಂದಿನ ಮಧ್ಯಾಹ್ನ, ಸಂಜೆ, ಇಡೀ ರಾತ್ರಿಯನ್ನು ನುಂಗಿಹಾಕಿದೆ.

ಇದು ನನಗೆ ಸಣ್ಣ ತಕರಾರಾಗಿ ಕಾಣುವುದಿಲ್ಲ. ಆ ಹದಿನೆಂಟು ಗಂಟೆಯಲ್ಲೇ ಜನ ತಮ್ಮ ತಮ್ಮ ತೀರ್ಮಾನ ತೆಗೆದುಕೊಂಡರು. ಡೊನ್ನಾ ಇಪ್ಪತ್ತು ಸಾವಿರ ಜನ ಅನ್ನುತ್ತಾಳೆ. ಇತ್ತೀಚಿನ ಅಂದಾಜುಗಳು ಹನ್ನೊಂದು ಹನ್ನೆರಡು ಸಾವಿರದ ಆಸುಪಾಸು ಇವೆ. ಊರಿನ ಮೂರನೇ ಎರಡು ಭಾಗ ಅಗೆದಿದ್ದಾರೆ, ಸಿಕ್ಕ ದೇಹಗಳು ಸುಮಾರು 1,150. ಎಲ್ಲಿ ಸಿಕ್ಕಿತು ಅನ್ನುವ ದಾಖಲೆ ಇರುವ 1,044 ದೇಹಗಳನ್ನು ವಿಂಗಡಿಸಿ ನೋಡಿದರೆ 394 ಪ್ಯೂಮಿಸ್ ಪದರದಲ್ಲಿವೆ, ಹೆಚ್ಚಿನವು ಕುಸಿದ ಮಾಡಿನಡಿ. ಉಳಿದ 650 ಬೆಳಗಿನ ಪ್ರವಾಹದ ಪದರದಲ್ಲಿ. ಅಗೆಯದ ಭಾಗದಲ್ಲಿ, ಊರಾಚೆಯ ದಾರಿಗಳಲ್ಲಿ ಇನ್ನೂ ಸತ್ತವರಿರಬಹುದು. ಆದರೂ ಹೆಚ್ಚಿನವರು ಊರು ಬಿಟ್ಟಿದ್ದರು ಅನ್ನುವುದು ಸ್ಪಷ್ಟ. ನೇಪಲ್ಸ್, ಕ್ಯೂಮೆ, ಪುತಿಯೋಲಿ, ಓಸ್ತಿಯಾಗಳ ಶಾಸನಗಳಲ್ಲಿ ಮುಂದೆ ಪಾಂಪೆಯ ಮನೆತನದ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಡಾಕ್ಟರ್ ಒಂದೇ ಕುಟುಂಬವನ್ನು ಎತ್ತಿಕೊಂಡು ಹೋಗುತ್ತಾನಲ್ಲ, ಚರಿತ್ರೆಯಲ್ಲಿ ಬಿಚ್ಚಬಾರದ ಗಂಟು ಇದು ಅಂತ ಅಷ್ಟು ಒದ್ದಾಡಿ? ಸಾವಿರಾರು ಜನ ಯಾರ ಸಹಾಯವೂ ಇಲ್ಲದೆ ತಮ್ಮ ಕಾಲ ಮೇಲೆ ನಡೆದು ಹೋಗಿದ್ದರು. ಅವರು ನೆನಪಾದರೆ ಆ ದೃಶ್ಯ ಇನ್ನೊಂದು ಬಗೆಯಲ್ಲಿ ಕಾಡುತ್ತದೆ.

ಬೀದಿಯಲ್ಲಿ ಡೊನ್ನಾ, ಸಮುದ್ರದ ಕಡೆ ಹೋಗಬೇಡಿ, ಗುಡ್ಡದ ಕಡೆ ಹೋಗಿ ಅಂತ ಕೂಗುತ್ತಾಳೆ. ಅರ್ಧ ಸರಿ. ಹರ್ಕ್ಯುಲೇನಿಯಮ್‌ನಲ್ಲಿ ದಡದ ದೋಣಿಮನೆಗಳ ಬಳಿಯೇ ಸುಮಾರು 300 ಅಸ್ಥಿಪಂಜರ ಸಿಕ್ಕಿವೆ. ಸ್ಟೇಬಿಯೆಯಲ್ಲಿ ಕಡಲು ಕೆರಳಿ, ಗಾಳಿ ಎದುರಾಗಿ, ಹಡಗು ಬಿಡಲಾಗದೆ ಪ್ಲಿನಿಯ ಮಾವ ದಡದಲ್ಲೇ ಸತ್ತ. ಆದರೆ ಬರೀ ಗುಡ್ಡ ಅಂದರೆ ಯಾವ ದಿಕ್ಕು? ಬೇಗ ಹೊರಟು, ಬೆಟ್ಟದಿಂದ ದೂರವಾಗುವ ರಸ್ತೆ ಹಿಡಿದು, ನಿಲ್ಲದೆ ನಡೆಯಬೇಕಿತ್ತು.

ದಿನಾಂಕ ಕೇಳಿದ್ದೆಯಲ್ಲ. ಕಂತಿನಲ್ಲಿ ಆಗಸ್ಟ್ 23, ನಾಳೆ ಸ್ಫೋಟ ಅನ್ನುತ್ತಾರೆ. 2008ರಲ್ಲಿ ಹೆಚ್ಚಿನವರು ಹೇಳುತ್ತಿದ್ದುದು ಆ ಆಗಸ್ಟ್ 24ನ್ನೇ. ಪ್ಲಿನಿಯ ಪತ್ರದ ಹಸ್ತಪ್ರತಿಗಳಿಂದ ಬಂದ ದಿನ ಅದು. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿದ ಸಾಲು ಸಿಕ್ಕಿತು, ಅದರ ತಾರೀಖು ಅಕ್ಟೋಬರ್ 17ಕ್ಕೆ ಬರುತ್ತದೆ. ಇದ್ದಿಲು ಗೋಡೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ, ಆದ್ದರಿಂದ ಸ್ಫೋಟ ಅಕ್ಟೋಬರ್ 24ರಂದು ಅನ್ನುವ ವಾದಕ್ಕೆ ಬಲ ಬಂತು. ವರ್ಷ ಬರೆದಿಲ್ಲ, ಹಾಗಾಗಿ ಚರ್ಚೆ ಇನ್ನೂ ಮುಗಿದಿಲ್ಲ. ದಾಳಿಂಬೆಯಂಥ ಶರತ್ಕಾಲದ ಹಣ್ಣುಗಳು ಸಿಕ್ಕಿರುವುದನ್ನು ನೋಡಿದರೆ ನನ್ನ ಮತ ಅಕ್ಟೋಬರಿಗೇ.

ಇನ್ನು ಜನ ಕಲ್ಲಾದರು ಅನ್ನುವ ಮಾತು. ಕಂತಿನಲ್ಲಿ ಎವೆಲಿನಾ ಎಂಬ ಹುಡುಗಿಯ ತೋಳು ಕಲ್ಲಾಗುತ್ತ ಹೋಗುತ್ತದೆ. ಪಾಂಪೆಯ ‘ಕಲ್ಲಿನ ಮನುಷ್ಯರ’ ಚಿತ್ರ ನಮ್ಮ ತಲೆಯಲ್ಲಿರುವುದರಿಂದಲೇ ಅದು ಅಷ್ಟು ನಾಟುತ್ತದೆ. ಅಸಲಿಗೆ ಅವು ಪ್ಲಾಸ್ಟರ್ ಅಚ್ಚುಗಳು. ದೇಹದ ಸುತ್ತ ಬೂದಿ ಗಟ್ಟಿಯಾಯಿತು, ಒಳಗಿನ ಮಾಂಸ ಕೊಳೆತು ಪೊಳ್ಳು ಉಳಿಯಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ, ಅಗೆಯುವಾಗ ಪೊಳ್ಳು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಆ ತೂತಿನಿಂದ ನೀರಾಗಿ ಕಲಸಿದ ಪ್ಲಾಸ್ಟರ್ ಹುಯ್ಯಿಸಿ, ಗಟ್ಟಿಯಾದ ಮೇಲೆ ಸುತ್ತಲ ಬೂದಿ ಬಿಡಿಸುವ ಪದ್ಧತಿ ತಂದ. ಬಟ್ಟೆಯ ನೆರಿಗೆಯೂ ಮೂಡುತ್ತದೆ. ಮೂಳೆ ಒಳಗೇ ಉಳಿದಿರುತ್ತದೆ. ಆ ಮೂಳೆಯಿಂದ ತೆಗೆದ ಡಿಎನ್‌ಎ ಆಧಾರದ ಮೇಲೆ, ಚಿನ್ನದ ಬಳೆ ತೊಟ್ಟ ತಾಯಿ, ಮಡಿಲ ಮಗು ಅಂತ ಕರೆಯುತ್ತಿದ್ದ ಜೋಡಿ ಒಬ್ಬ ಗಂಡಸು ಮತ್ತು ಅವನಿಗೆ ಸಂಬಂಧವಿಲ್ಲದ ಗಂಡುಮಗು ಅಂತ 2024ರಲ್ಲಿ ಗೊತ್ತಾಯಿತು.

ಕೊನೆಗೆ ನಿನಗಿಷ್ಟವಾದ ಕೆಸಿಲಿಯಸ್. ಪೀಟರ್ ಕಪಾಲ್ಡಿ ಮಾಡಿದ ಆ ಅಮೃತಶಿಲೆ ವ್ಯಾಪಾರಿಯ ಹಿಂದೆ ನಿಜವಾದ ಮನುಷ್ಯನೊಬ್ಬನಿದ್ದ, ಲೂಸಿಯಸ್ ಕೆಸಿಲಿಯಸ್ ಯುಕುಂದಸ್, ಪಾಂಪೆಯ ಲೇವಾದೇವಿಗಾರ. 1875ರಲ್ಲಿ ಅವನ ಮನೆಯಲ್ಲಿ 150ಕ್ಕೂ ಹೆಚ್ಚು ಮರದ ಹಲಗೆಗಳ ಲೆಕ್ಕಪತ್ರ ಸಿಕ್ಕಿತು. ಹಲಗೆಗೆ ಮೇಣ ಬಳಿದು ಮೊನೆಯಿಂದ ಕೊರೆಯುವ ರೂಢಿ. ಮೇಣ ಹೋದರೂ ಮೊನೆ ಮರಕ್ಕೆ ತಾಗಿದ ಗೆರೆ ಉಳಿದು, ಓದಲು ಬಂತು. ಆ ಲೆಕ್ಕ ಕ್ರಿ.ಶ. 62ರಲ್ಲಿ ಪಾಂಪೆಯಲ್ಲಾದ ಭೂಕಂಪಕ್ಕೆ ಸ್ವಲ್ಪ ಮೊದಲು ನಿಂತುಬಿಡುತ್ತದೆ. 79ಕ್ಕೆ ಅವನು ಬದುಕಿರಲಿಲ್ಲ ಅನ್ನುವವರು ಅದಕ್ಕೇ ಹೆಚ್ಚು.

ಅವನ ನಡುಮನೆಯ ದೇವರ ಗೂಡಿನಲ್ಲಿ ಅಮೃತಶಿಲೆಯ ಉಬ್ಬುಚಿತ್ರವೊಂದಿತ್ತು. ಅದೇ ಭೂಕಂಪದಲ್ಲಿ ಜ್ಯೂಪಿಟರ್ ಗುಡಿ ಒಂದು ಕಡೆ ವಾಲಿ ನಿಂತಿರುವ ಚಿತ್ರ, ಪಕ್ಕದಲ್ಲಿ ಬಲಿಗೆ ತಂದ ಹೋರಿ. ಕಂತಿನ ಕೊನೆಯ ದೃಶ್ಯ, ಆರು ತಿಂಗಳ ನಂತರ ರೋಮ್‌ನಲ್ಲಿ ಕೆಸಿಲಿಯಸ್ ಮನೆಯದು, ಇನ್ನೊಮ್ಮೆ ಹಾಕಿ ನಿಲ್ಲಿಸಿ ನೋಡು. ಅಲ್ಲೂ ದೇವರ ಗೂಡಿದೆ, ಅಲ್ಲೂ ಕಲ್ಲಲ್ಲಿ ಕೊರೆದ ಉಬ್ಬುಚಿತ್ರವಿದೆ.

ಇಂತಿ ನಿನ್ನ,
ಮಂಜು

ಮರೆತಿದ್ದೆ: ನೇಪಲ್ಸ್ ಕಡೆ ಹೋಗುವ ಯೋಗ ಬಂದರೆ ಅಲ್ಲಿನ ಪುರಾತತ್ವ ಸಂಗ್ರಹಾಲಯದಲ್ಲಿ ‘ಪಾಂಪೆಯ ಲಕ್ಷ್ಮಿ’ಯನ್ನು ನೋಡಿ ಬಾ. 1938ರಲ್ಲಿ ಬೂದಿಯಡಿ ಸಿಕ್ಕ, ಒಂದು ಗೇಣಿಗಿಂತ ತುಸು ದೊಡ್ಡ ದಂತದ ಹೆಣ್ಣುಗೊಂಬೆ. ಹೆಸರಿಗೆ ಲಕ್ಷ್ಮಿ, ಯಕ್ಷಿಯೇ ಇರಬೇಕು. ಕೆತ್ತಿದ್ದು ದಖ್ಖನ್ ಕಡೆ ಅನ್ನುತ್ತಾರೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದ್ದು ನಿನಗೆ ಗೊತ್ತು. ಅದೇ ಕಾಲದ ವ್ಯಾಪಾರ ಇದು.