ಬಣ್ಣ ಬರೆದವರ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಜಾಯ್‌ಸ್ಟಿಕ್ಕು, ಪೆಡಲು, ಸಾಲಾಗಿ ಜೋಡಿಸಿದ ಮಾನಿಟರುಗಳು, ಎಲ್ಲದರ ವಿವರ ಚೆನ್ನಾಗಿತ್ತು. ಒಂದು ಸಾಲು ಮಾತ್ರ ಮನಸ್ಸಿಗೆ ಚುಚ್ಚಿತು. ಬೇಕಾದ ಕಂಪನಿಯ ಬಣ್ಣವನ್ನು ಒಂದೇ ಕ್ಲಿಕ್ಕಿನಲ್ಲಿ ವಿಮಾನಕ್ಕೆ ಹಚ್ಚಿಕೊಳ್ಳಬಹುದು ಎಂದು ಬರೆದಿದ್ದೀರಿ. ಆರಿಸಿಕೊಳ್ಳುವವರಿಗೆ ಅದು ಒಂದೇ ಕ್ಲಿಕ್, ನಿಜ. ಆದರೆ ಬಣ್ಣ ತಾನಾಗಿ ಬಂದು ವಿಮಾನದ ಮೇಲೆ ಕೂತಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಯಾರೋ ಒಬ್ಬರು ವಾರಗಟ್ಟಲೆ ಕೂತು ಬರೆದದ್ದು ಅದು. ಹಾಗೆ ಬರೆಯುವವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಪತ್ರ.

ನಾನು ಬೋರ್ಡ್ ಬರೆಯುತ್ತಿದ್ದವನು. 26 ವರ್ಷ ಬೋರ್ಡು, ಲಾರಿ, ಗೋಡೆ, ರೋಲಿಂಗ್ ಶಟರ್ ಮೇಲೆ ಅಕ್ಷರ ಬರೆದೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿನ ಕೆಲಸ ಕಡಿಮೆಯಾಯಿತು. ಆ ದಿನಗಳಲ್ಲಿ ಮಗಳು ತನ್ನ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ತೋರಿಸಿದಳು. ವಿಮಾನ ಹಾರಿಸುವುದು ನನಗೆ ಅಷ್ಟು ಹಿಡಿಸಲಿಲ್ಲ. ವಿಮಾನದ ಮೈಮೇಲಿನ ಅಕ್ಷರ ಹಿಡಿಸಿತು. ಇದನ್ನು ಯಾರು ಬರೀತಾರೆ ಅಂತ ಕೇಳಿದೆ. ಯಾರು ಬೇಕಾದರೂ ಬರೀಬಹುದಪ್ಪ, ನೀನೂ ಬರಿ ಅಂದಳು.

ವಿಮಾನದ ಮೈಮೇಲಿನ ಬಣ್ಣ, ಪಟ್ಟಿ, ಹೆಸರು, ಬಾಲದ ಗುರುತು ಇವೆಲ್ಲ ಸೇರಿದ್ದಕ್ಕೆ ಲಿವರಿ ಅನ್ನುತ್ತಾರೆ. ಸಿಮ್ಯುಲೇಟರಿನಲ್ಲಿ ವಿಮಾನ ಅಂದರೆ ಒಂದು ಪೊಳ್ಳು ಆಕಾರ. ಅದರ ಮೇಲೆ ಚಿತ್ರದ ಹಾಳೆಗಳನ್ನು ಸುತ್ತಿರುತ್ತಾರೆ. ಅವಕ್ಕೆ ಟೆಕ್ಸ್‌ಚರ್ ಎಂದು ಹೆಸರು. ಕಿತ್ತಳೆ ಸಿಪ್ಪೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದ ಹಾಗೆ ವಿಮಾನದ ಮೈಯನ್ನು ಬಿಡಿಸಿ ಹಾಸಿರುತ್ತಾರೆ. ಮೂಗು ಒಂದು ಕಡೆ, ಬಾಲ ಇನ್ನೊಂದು ಕಡೆ, ಎಂಜಿನ್ನಿನ ಕವಚ ಮತ್ತೆಲ್ಲೋ ಮೂಲೆಯಲ್ಲಿ. ಆ ಪೊಳ್ಳು ಆಕಾರವನ್ನು, ಅಂದರೆ ಮಾಡೆಲನ್ನು ಮಾಡಿದವರು ಒಳ್ಳೆಯವರಾದರೆ ಪೇಂಟ್ ಕಿಟ್ ಅಂತ ಪದರ ಪದರವಾಗಿ ಬಿಡಿಸಿಟ್ಟ ಫೈಲ್ ಕೊಡುತ್ತಾರೆ. ತಗಡಿನ ಜೋಡಣೆಯ ಗೆರೆ, ಮೊಳೆ, ಬಾಗಿಲಿನ ಅಂಚು ಎಲ್ಲ ಬೇರೆ ಬೇರೆ ಪದರದಲ್ಲಿ ಇರುತ್ತವೆ. ಅವುಗಳ ಕೆಳಗೆ ನಮ್ಮ ಬಣ್ಣ ಹೋಗಬೇಕು. ಕಿಟ್ ಕೊಡದಿದ್ದರೆ ಎಲ್ಲ ಗೆರೆಗಳನ್ನೂ ನಾವೇ ಬಿಡಿಸಿಕೊಳ್ಳಬೇಕು.

ನನ್ನ ಮೊದಲ ಕೆಲಸ ಒಂದು ಹಳೆಯ ಸಣ್ಣ ವಿಮಾನ. ಅದರ ಎಡ ಬಲ ಎರಡೂ ಪಕ್ಕಕ್ಕೆ ಒಂದೇ ಹಾಳೆ. ಎಡಗಡೆ ಹೆಸರು ಸರಿಯಾಗಿ ಬಂತು. ಬಲಗಡೆಗೆ ಹೋಗಿ ನೋಡಿದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಅಂಥ ಮಾಡೆಲ್ ಆದರೆ ಬಣ್ಣ ಬಳಿಯುವವರು ಏನೂ ಮಾಡುವಂತಿಲ್ಲ. ಎರಡೂ ಪಕ್ಕಕ್ಕೆ ಬೇರೆ ಬೇರೆ ಜಾಗ ಕೊಟ್ಟ ಮಾಡೆಲನ್ನು ಹುಡುಕಬೇಕು. ಇದು ಗೊತ್ತಾಗಲು ನನಗೆ ಒಂದು ವಾರ ಹಿಡಿಯಿತು.

ಶಟರ್ ಮೇಲೆ ಬರೆದು ಗೊತ್ತಿದ್ದವನಿಗೆ ಮೂಗಿನ ಹತ್ತಿರದ ಕೆಲಸ ಬೇಗ ಅರ್ಥವಾಗುತ್ತದೆ. ಶಟರ್ ಅಂದರೆ ಉಬ್ಬು ತಗ್ಗು. ಹತ್ತಿರದಿಂದ ನೋಡಿದರೆ ಅಕ್ಷರ ಸೊಟ್ಟ, ದೂರ ನಿಂತರೆ ಸರಿ. ವಿಮಾನದಲ್ಲೂ ಅಷ್ಟೇ. ಕಿಟಕಿಯ ಸಾಲಿನ ಉದ್ದಕ್ಕೂ ಓಡುವ ಪಟ್ಟಿ ಮೂಗಿನ ಹತ್ತಿರ ಬಂದಾಗ ಮೈ ಕಿರಿದಾಗುತ್ತದೆ, ಬಾಗುತ್ತದೆ. ಹಾಳೆಯ ಮೇಲೆ ನೇರ ಗೆರೆ ಎಳೆದರೆ ವಿಮಾನದ ಮೇಲೆ ಅದು ಜೋತುಬಿದ್ದ ಹಗ್ಗದ ಹಾಗೆ ಕಾಣುತ್ತದೆ. ಹಾಳೆಯ ಮೇಲೆ ಬೇಕೆಂದೇ ಬಗ್ಗಿಸಿ ಎಳೆಯಬೇಕು. ಎಷ್ಟು ಬಗ್ಗಿಸಬೇಕು ಅಂತ ಯಾವ ಪುಸ್ತಕವೂ ಹೇಳುವುದಿಲ್ಲ. ಎಳೆಯಬೇಕು, ಸೇವ್ ಮಾಡಬೇಕು, ಸಿಮ್ಯುಲೇಟರ್ ತೆರೆದು ಸುತ್ತಲೂ ನೋಡಬೇಕು, ವಾಪಸ್ ಬಂದು ತಿದ್ದಬೇಕು. ಒಂದು ಪಟ್ಟಿಗೆ ನಾನು ಮೂವತ್ತು ನಲವತ್ತು ಸಲ ಹೀಗೆ ಓಡಾಡಿದ್ದೇನೆ.

ಅಳತೆಯ ಲೆಕ್ಕವನ್ನೂ ಹೇಳುತ್ತೇನೆ. ಬೋಯಿಂಗ್ 737-800 ವಿಮಾನದ ಉದ್ದ 39.5 ಮೀಟರ್. ಅದರ ಒಂದು ಪಕ್ಕವನ್ನು 4096 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕೆ ಅಗಲದ ಹಾಳೆಯಲ್ಲಿ ಪೂರ್ತಿ ಹಾಸಿದರೆ ಒಂದು ಪಿಕ್ಸೆಲ್ಲಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಅಂತರರಾಷ್ಟ್ರೀಯ ನಿಯಮದಂತೆ ವಿಮಾನದ ಮೈಮೇಲೆ ಬರೆಯುವ ನೋಂದಣಿ ಅಕ್ಷರ ಕನಿಷ್ಠ 30 ಸೆಂಟಿಮೀಟರ್ ಎತ್ತರ ಇರಬೇಕು. ಅಂದರೆ ನಮಗೆ ಸಿಗುವುದು 30 ಚುಕ್ಕೆ. ಬಾಗಿಲ ಪಕ್ಕದ ಎಚ್ಚರಿಕೆಯ ಸಣ್ಣ ಬರಹಕ್ಕೆ ಎರಡೋ ಮೂರೋ ಚುಕ್ಕೆ, ಅಷ್ಟರಲ್ಲಿ ಅಕ್ಷರ ಮೂಡುವುದೇ ಇಲ್ಲ. ಅದಕ್ಕೇ ಮಾಡೆಲ್ ಮಾಡುವವರು ಮೈಯನ್ನು ಎರಡು ಮೂರು ಹಾಳೆಯಾಗಿ ತುಂಡು ಮಾಡುತ್ತಾರೆ. ತುಂಡು ಮಾಡಿದ ಕಡೆ ಪಟ್ಟಿಗೆ ಪಟ್ಟಿ ಕೂಡಬೇಕು. ಒಂದು ಪಿಕ್ಸೆಲ್ ಆಚೀಚೆಯಾದರೂ ವಿಮಾನ ಅಲ್ಲಿ ಮುರಿದು ಅಂಟಿಸಿದ ಹಾಗೆ ಕಾಣುತ್ತದೆ.

ಕೊನೆಗೆ ಎಲ್ಲವನ್ನೂ ಡಿಡಿಎಸ್ ಎಂಬ ಬಗೆಯ ಫೈಲಿಗೆ ಇಳಿಸಬೇಕು. ಹಿಂದಿನಿಂದ ಬಳಕೆಯಲ್ಲಿರುವ ವಿಧಾನದಲ್ಲಿ ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ಪ್ರತಿ ಚೌಕಕ್ಕೂ ಎರಡೇ ಮೂಲ ಬಣ್ಣ ಇಟ್ಟುಕೊಂಡು ಉಳಿದದ್ದನ್ನು ಅವುಗಳ ನಡುವಿನಿಂದ ಹೊಂದಿಸುತ್ತಾರೆ. ಬಿಳಿಯ ಮೇಲೆ ಕೆಂಪು, ಪಕ್ಕದಲ್ಲೇ ನೀಲಿ ಬಂದರೆ ಅಂಚು ಕೊಳೆಯಾಗುತ್ತದೆ. ಎನಾಮೆಲ್ ಬಣ್ಣ ಒಣಗುವ ಮೊದಲೇ ಪಕ್ಕದ ಬಣ್ಣ ಮುಟ್ಟಿಸಿದರೆ ಕಲಸಿಕೊಳ್ಳುತ್ತದಲ್ಲ, ಹಾಗೆ. ಇದನ್ನು ತಪ್ಪಿಸಲು ಅಕ್ಷರವನ್ನು ಒಂದೆರಡು ಪಿಕ್ಸೆಲ್ ಸರಿಸಿ, ಅಂಚು ಚೌಕದ ಗೆರೆಗೆ ಹೊಂದುವಂತೆ ಕೂರಿಸುತ್ತೇನೆ.

ಲೋಹದ ಹೊಳಪು ಇನ್ನೊಂದು ಪಾಠ ಕಲಿಸಿತು. ಅಮೆರಿಕನ್ ಏರ್‌ಲೈನ್ಸ್‌ನ ವಿಮಾನಗಳು ದಶಕಗಳ ಕಾಲ ಬಣ್ಣವಿಲ್ಲದ, ಉಜ್ಜಿ ಹೊಳೆಸಿದ ಅಲ್ಯುಮಿನಿಯಂ ಮೈಯಲ್ಲಿ ಹಾರಿದವು. 2013ರಲ್ಲಿ ಅವರು ಅದನ್ನು ಬಿಟ್ಟು ಬೆಳ್ಳಿ ಬಣ್ಣ ಬಳಿಯತೊಡಗಿದರು. ಹೊಸ ವಿಮಾನಗಳಲ್ಲಿ ಲೋಹದ ಬದಲು ಬೇರೆ ವಸ್ತು ಜಾಸ್ತಿ, ಅದನ್ನು ಉಜ್ಜಿದರೆ ಹೊಳೆಯುವುದಿಲ್ಲ. ನಾನು ಹಳೆಯದನ್ನು ಬರೆಯಲು ಹೋಗಿ, ಬೋರ್ಡಿಗೆ ಸಿಲ್ವರ್ ಬಳಿಯುವ ಅಭ್ಯಾಸದಲ್ಲಿ ಬೂದು ಬಣ್ಣಕ್ಕೆ ನೆರಳು ಬೆಳಕು ಕೊಟ್ಟು ಕೂತೆ. ಎಷ್ಟು ಮಾಡಿದರೂ ಸಿಮೆಂಟಿನ ಹಾಗೆ ಕಂಡಿತು. ಆಮೇಲೆ ತಿಳಿಯಿತು, ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರಿನಲ್ಲಿ ಹೊಳಪಿಗೆ ಬೇರೆಯದೇ ಹಾಳೆ ಇದೆ ಅಂತ. ಅದರ ಪ್ರತಿ ಚುಕ್ಕೆಯಲ್ಲಿ ಹಸಿರು ಎಷ್ಟಿದೆ ಅನ್ನುವುದು ಮೈ ಎಷ್ಟು ಒರಟು ಅನ್ನುವುದನ್ನು ಹೇಳುತ್ತದೆ, ನೀಲಿ ಎಷ್ಟಿದೆ ಅನ್ನುವುದು ಎಷ್ಟು ಲೋಹ ಅನ್ನುವುದನ್ನು. ಅಲ್ಲಿ ಸರಿ ಮಾಡಿದ ಮೇಲೆ ಸಂಜೆಯ ಬೆಳಕು ವಿಮಾನದ ಮೈಮೇಲೆ ಹರಿಯಿತು. ಆ ರಾತ್ರಿ ಮಗಳನ್ನು ಎಬ್ಬಿಸಿ ತೋರಿಸಿದೆ.

ಇಷ್ಟು ಕಷ್ಟ ಯಾಕೆ ಅಂತ ನಿಮ್ಮ ಓದುಗರು ಕೇಳಬಹುದು. ಬಣ್ಣದಲ್ಲಿ ಚರಿತ್ರೆ ಇದೆ. 1965ರಲ್ಲಿ ಬ್ರಾನಿಫ್ ಎಂಬ ಅಮೆರಿಕದ ವಿಮಾನ ಕಂಪನಿ ವಿನ್ಯಾಸಗಾರ ಅಲೆಕ್ಸಾಂಡರ್ ಗಿರಾರ್ಡ್ ಅವರನ್ನು ಕರೆಸಿ, ಒಂದೊಂದು ವಿಮಾನಕ್ಕೆ ಒಂದೊಂದು ಗಾಢ ಬಣ್ಣ ಬಳಿಸಿತು. ಆ ಕಂಪನಿ 1982ರಲ್ಲಿ ಹಾರಾಟ ನಿಲ್ಲಿಸಿತು. ಬಾಲದ ಮೇಲೆ ನೀಲಿ ಗೋಳ ಇದ್ದ ಪ್ಯಾನ್ ಆಮ್ ಎಂಬ ಇನ್ನೊಂದು ಅಮೆರಿಕದ ಕಂಪನಿ 1991ರಲ್ಲಿ ಮುಚ್ಚಿತು. ಆ ವಿಮಾನಗಳು ಹಾರುವುದನ್ನು ಈಗಿನ ಮಕ್ಕಳು ಬೇರೆ ಎಲ್ಲಿ ನೋಡಬೇಕು? 1996ರಲ್ಲಿ, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಕಾನ್ಕಾರ್ಡ್‌ಗಳಲ್ಲಿ ಒಂದಕ್ಕೆ ಪೆಪ್ಸಿಯ ಜಾಹೀರಾತಿಗಾಗಿ ನೀಲಿ ಬಣ್ಣ ಬಳಿದರು. ಕಾನ್ಕಾರ್ಡ್ ವೇಗಕ್ಕೆ ಮೈ ಕಾಯುತ್ತಿತ್ತು, ಅದಕ್ಕೇ ಅದಕ್ಕೆ ಶಾಖವನ್ನು ವಾಪಸ್ ಚಿಮ್ಮಿಸುವ ವಿಶೇಷ ಬಿಳಿ ಬಣ್ಣ ಇರುತ್ತಿತ್ತು. ನೀಲಿ ಬಳಿದಾಗ ರೆಕ್ಕೆಗಳನ್ನು ಬಿಳಿಯಾಗಿಯೇ ಬಿಟ್ಟರು. ಶಬ್ದದ ಎರಡರಷ್ಟು ವೇಗದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಹಾರಿಸಬೇಡಿ ಎಂದೂ ಸೂಚನೆ ಇತ್ತು. ಇದನ್ನು ಬರೆಯುವಾಗ ರೆಕ್ಕೆಗೂ ನೀಲಿ ಬಳಿದುಬಿಟ್ಟರೆ ನೋಡಲು ಚೆಂದ ಕಾಣಬಹುದು, ಆದರೆ ಸುಳ್ಳಾಗುತ್ತದೆ.

ಏರ್ ಇಂಡಿಯಾದ ಬೋಯಿಂಗ್ 747 ವಿಮಾನದ ಕಿಟಕಿಗಳ ಸುತ್ತ ಇದ್ದ ಕೆಂಪು ಝರೋಕಾ ಕಮಾನುಗಳನ್ನು, ಅಂದರೆ ಹಳೆಯ ಅರಮನೆ ಕಿಟಕಿಯಂಥ ಕಮಾನುಗಳನ್ನು ಬರೆಯಲು ನನಗೆ ಐದು ವಾರ ಹಿಡಿಯಿತು. ಒಂದು ಕಮಾನು ಬರೆದು ಉಳಿದದ್ದಕ್ಕೆ ನಕಲು ಮಾಡಿದರೆ ಆಯಿತು ಅಂದುಕೊಂಡಿದ್ದೆ. ಮಾಡೆಲಿನಲ್ಲಿ ಮುಂದಿನ ಕಿಟಕಿಗಳು ಮೈ ಬಾಗಿದ ಹಾಗೆ ಸ್ವಲ್ಪ ಹಿಗ್ಗಿರುತ್ತವೆ. ಹಾಗಾಗಿ ಅಲ್ಲಿಯ ಕಮಾನುಗಳನ್ನು ಒಂದೊಂದಾಗಿಯೇ ಎಳೆದೆ.

ನಮಗೆ ಆಧಾರ ಅಂದರೆ ಫೋಟೊ. ನನಗೆ ಸಿಗುವ ಹಳೆಯ ಫೋಟೊಗಳಲ್ಲಿ ಹೆಚ್ಚಿನವು ಎಡಗಡೆಯವು, ಜನ ಹತ್ತುವ ಬಾಗಿಲಿನ ಕಡೆಯವು. ಎಡಗಡೆ ನೋಡಿ ಬಲಗಡೆಯನ್ನು ಊಹಿಸುವ ಹಾಗಿಲ್ಲ. ಬಾವುಟವನ್ನೇ ನೋಡಿ. ಅಮೆರಿಕದ ಎಷ್ಟೋ ವಿಮಾನಗಳಲ್ಲಿ ಬಲಗಡೆಯ ಬಾವುಟದ ನಕ್ಷತ್ರಗಳು ಬಲಕ್ಕೆ, ಅಂದರೆ ಮೂಗಿನ ಕಡೆಗೆ ಇರುತ್ತವೆ. ಕಂಬಕ್ಕೆ ಕಟ್ಟಿದ ಬಾವುಟ ಮುಂದೆ ಓಡುವಾಗ ಹಿಂದಕ್ಕೆ ಹಾರುವ ಲೆಕ್ಕ ಅದು. ಒಂದು ಬಲಗಡೆಯ ಫೋಟೊಗಾಗಿ ನಾನು ನಾಲ್ಕು ತಿಂಗಳು ಕಾದಿದ್ದೇನೆ. ನಿಮ್ಮ ಓದುಗರ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಹಿಂದೆ ವಿಮಾನ ಕಾಣುವ ಫೋಟೊ ಇದ್ದರೆ, ಅದು ಎಷ್ಟೇ ಮಸುಕಾಗಿರಲಿ, ದಯವಿಟ್ಟು ಎಸೆಯಬೇಡಿ. ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ವರ್ಷ ಬರೆದಿಡಿ.

ಈ ಕೆಲಸಕ್ಕೆ ನಾವು ದುಡ್ಡು ಕೇಳುವುದಿಲ್ಲ. ಗುರುತು ಕಂಪನಿಯದು, ಮಾರುವ ಹಕ್ಕು ನಮಗಿಲ್ಲ ಅಂತ ನಾನು ನಂಬಿದ್ದೇನೆ. ಕೇಳುವುದು ಹೆಸರು ಮಾತ್ರ. ಎರಡು ವರ್ಷದ ಹಿಂದೆ ನಾನು ಬರೆದ ಒಂದು ಲಿವರಿಯನ್ನು ಯಾರೋ ತೆಗೆದುಕೊಂಡು, ಅದರ ಜೊತೆಗಿದ್ದ, ಬರೆದವರ ಹೆಸರು ಇರುವ ರೀಡ್‌ಮಿ ಎಂಬ ಫೈಲನ್ನು ಅಳಿಸಿ, ತಮ್ಮದೆಂದು ಹಂಚಿದರು. ಆ ಲಿವರಿಯಲ್ಲಿ ಸರಕಿನ ಬಾಗಿಲ ಕೆಳಗೆ ಒಂದು ಗೀರು ಇದೆ. ನಿಜವಾದ ವಿಮಾನದ ಫೋಟೊ ನೋಡಿ ನಾನು ಹಾಕಿದ್ದ ಗೀರು ಅದು. ಅದು ಹಾಗೇ ಇತ್ತು, ಹೆಸರು ಇರಲಿಲ್ಲ. ಎರಡು ದಿನ ಕಂಪ್ಯೂಟರ್ ಮುಟ್ಟಲು ಮನಸ್ಸು ಬರಲಿಲ್ಲ.

ಬೋರ್ಡ್ ಬರೆಯುವಾಗ ಬಲಗಡೆ ಕೆಳಮೂಲೆಯಲ್ಲಿ ಸಣ್ಣದಾಗಿ ನಮ್ಮ ಹೆಸರು ಬರೆಯುತ್ತಿದ್ದೆವು. ಯಾರೂ ಬೇಡ ಅನ್ನುತ್ತಿರಲಿಲ್ಲ. ವಿಮಾನದ ಮೇಲೆ ಹಾಗೆ ಬರೆಯಲು ಆಗುವುದಿಲ್ಲ. ನಿಜವಾದ ವಿಮಾನದ ಮೇಲೆ ಇಲ್ಲದ ಒಂದು ಚುಕ್ಕೆಯೂ ನಮ್ಮದರ ಮೇಲೆ ಇರಬಾರದು. ಹಾಗಾಗಿ ನಮ್ಮ ಹೆಸರು ಇರುವುದು ಆ ರೀಡ್‌ಮಿ ಫೈಲಿನಲ್ಲಿ ಮಾತ್ರ, ಅದನ್ನು ತೆರೆದು ನೋಡುವವರು ಕಡಿಮೆ.

ನಿಮ್ಮ ಲೇಖನದ ಜೊತೆ ಮೋಡದ ಮೇಲೆ ಹಾರುವ ವಿಮಾನದ ದೊಡ್ಡ ಚಿತ್ರ ಹಾಕಿದ್ದೀರಿ. ಚಿತ್ರ ಕೊಟ್ಟವರ ಹೆಸರೂ ಕೆಳಗಿದೆ. ಲಿವರಿ ಬರೆದವರ ಹೆಸರಿಲ್ಲ. ಅದು ನಾನು ಬರೆದದ್ದಲ್ಲ. ಆದರೆ ಮೂಗಿನ ಹತ್ತಿರ ಆ ಪಟ್ಟಿ ಎಲ್ಲೂ ಜೋತುಬೀಳದೆ ಕೂತಿರುವುದನ್ನು ನೋಡಿದರೆ, ಬರೆದವರು ಎಷ್ಟು ಸಲ ಓಡಾಡಿರಬೇಕು ಅಂತ ನನಗೆ ಗೊತ್ತಾಗುತ್ತದೆ. ಚಿತ್ರ ಕೊಟ್ಟವರನ್ನು ಒಮ್ಮೆ ಕೇಳಿ. ಅವರ ಕಂಪ್ಯೂಟರಿನಲ್ಲಿ ಆ ಲಿವರಿಯ ಫೋಲ್ಡರ್ ಇರುತ್ತದೆ, ಅದರೊಳಗೆ ರೀಡ್‌ಮಿ ಇರಬಹುದು. ಮುಂದಿನ ಭಾನುವಾರ ಒಂದು ಸಾಲಿನಲ್ಲಾದರೂ ಆ ಹೆಸರು ಹಾಕಿ.

ಇತಿ ನಿಮ್ಮ ಓದುಗ,
ಬೋರ್ಡ್ ಬರೆಯುತ್ತಿದ್ದ, ಈಗ ವಿಮಾನ ಬರೆಯುವ ಒಬ್ಬ ಕಲಾವಿದ